ಸುಟ್ಟ ಗೆಣಸಿನ ಸಿಹಿ

ಸಂಕ್ರಾಂತಿಯ ರಜೆ ಮುಗಿದು ಕಾಲೇಜು ತೆರೆದ ದಿನ ನಾವು ಮೊದಲ ವರ್ಷದ ತರಗತಿಗೆ ಉಷ್ಣವಹನದ ಪಾಠವನ್ನು ಹೇಳುತ್ತಿದ್ದೆವು. ಲೋಹದ ಸರಳು, ಅದರ ಎರಡು ತುದಿಗಳ ಉಷ್ಣತೆ, ನಡುವೆ ಹರಿಯುವ ಶಾಖ—ಎಂದಿನ ಪಾಠವೇ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹಬ್ಬದ ದಿನ ಮನೆಯಲ್ಲಿ ನೀರಿನಲ್ಲಿ ಬೇಯಿಸಿದ ಗೆಣಸು ಅಷ್ಟೇನೂ ಸಿಹಿಯಾಗಿರಲಿಲ್ಲ. ಅದೇ ಬುಟ್ಟಿಯ ಗೆಣಸನ್ನು ನಮ್ಮಜ್ಜಿ ಬಚ್ಚಲೊಲೆಯ ಬೂದಿಯಲ್ಲಿ ಹುಗಿದು ಸುಟ್ಟುಕೊಟ್ಟರು. ಅದು ಬೆಲ್ಲ ಬೆರೆಸಿದಂತಿತ್ತು. ಏಕೆ?" ಎಂದು ಕೇಳಿದನು.

ನಾವು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟೆವು: "ಸುಡುವಾಗ ನೀರು ಆವಿಯಾಗಿ ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಆದುದರಿಂದ ಸಿಹಿ ಗಟ್ಟಿಯಾಗುತ್ತದೆ, ಅಷ್ಟೆ." ಹುಡುಗ ಕುಳಿತನು, ಗಂಟೆ ಹೊಡೆಯಿತು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದಾಗ ಆ ಉತ್ತರ ನಿಲ್ಲುವಂಥದಲ್ಲವೆಂದು ತಿಳಿಯಿತು. ಮುಂದಿನ ತರಗತಿಯಲ್ಲಿ ತಿದ್ದಿ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಆ ಲೆಕ್ಕ. 250 ಗ್ರಾಂ ತೂಕದ ಗೆಣಸೊಂದು ಸುಡುವಾಗ 50 ಗ್ರಾಂ ನೀರನ್ನು ಕಳೆದುಕೊಂಡಿತೆನ್ನೋಣ. ಇದೇನೂ ಕಡಮೆಯಲ್ಲ, ಐದರಲ್ಲಿ ಒಂದು ಪಾಲು. ಉಳಿದ 200 ಗ್ರಾಮಿನಲ್ಲಿ ಮೊದಲಿದ್ದಷ್ಟೇ ಸಕ್ಕರೆ ಇದ್ದರೆ ಅದರ ಸಾಂದ್ರತೆ ಕಾಲುಪಾಲು ಹೆಚ್ಚುತ್ತದೆ. ನಾಲ್ಕು ಚಮಚ ಸಕ್ಕರೆ ಹಾಕಿದ ಪಾನಕಕ್ಕೂ ಐದು ಚಮಚ ಹಾಕಿದ ಪಾನಕಕ್ಕೂ ಇರುವಷ್ಟು ವ್ಯತ್ಯಾಸ. ಹಸಿ ಗೆಣಸಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ನೋಡಿ, ಬಳಿಕ ಚೆನ್ನಾಗಿ ಸುಟ್ಟ ಗೆಣಸನ್ನು ತಿಂದು ನೋಡಿ. ವ್ಯತ್ಯಾಸ ಕಾಲುಪಾಲಿನದೆಂದು ಯಾರೂ ಹೇಳಲಾರರು. ಇಷ್ಟೇ ಅಲ್ಲ, ಮುಚ್ಚಿದ ಪಾತ್ರೆಯಲ್ಲಿ ಹಬೆಯಲ್ಲಿ ನಿಧಾನವಾಗಿ ಬೇಯಿಸಿದ ಗೆಣಸು ತೂಕ ಕಳೆದುಕೊಳ್ಳುವುದು ಅತ್ಯಲ್ಪ. ಆದರೂ ಅದು ಹಸಿಗೆಣಸಿಗಿಂತ ಎಷ್ಟೋ ಸಿಹಿ. ಹಾಗಾದರೆ ಸಕ್ಕರೆ ಗಟ್ಟಿಯಾಗುವುದು ಮಾತ್ರವಲ್ಲ, ಬೇಯುತ್ತಿರುವಾಗ ಹೊಸದಾಗಿ ಹುಟ್ಟುತ್ತಲೂ ಇದೆ ಎಂದೇ ಹೇಳಬೇಕಾಗುತ್ತದೆ.

ಹುಟ್ಟುವುದು ಯಾವುದರಿಂದ? ಗೆಣಸು ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದ ಬಳ್ಳಿ. ಈಗ ಬೆಳಗಾವಿಯ ಕಡೆಯ ಹೊಲಗಳಲ್ಲಿ ಅದನ್ನು ಹೇರಳವಾಗಿ ಬೆಳೆಯುತ್ತಾರೆ. ಆಲೂಗಡ್ಡೆ ನೆಲದೊಳಗೆ ಉಬ್ಬಿದ ಕಾಂಡವಾದರೆ ಗೆಣಸು ಉಬ್ಬಿದ ಬೇರು. ಬಳ್ಳಿ ತನ್ನ ಎಲೆಗಳಲ್ಲಿ ತಯಾರಿಸಿದ ಆಹಾರವನ್ನು ಈ ಬೇರಿನಲ್ಲಿ ಪಿಷ್ಟದ ರೂಪದಲ್ಲಿ ಕೂಡಿಡುತ್ತದೆ. ಪಿಷ್ಟವೆಂದರೆ ಗ್ಲೂಕೋಸ್ ಅಣುಗಳನ್ನು ಸಾವಿರಗಟ್ಟಲೆಯಾಗಿ ಒಂದಕ್ಕೊಂದು ಪೋಣಿಸಿದ ಸರ. ಒಂದೊಂದೇ ಅಣುವಾಗಿದ್ದರೆ ನಾಲಗೆಗೆ ಸಿಹಿಯಾಗಿ ತೋರುವ ಗ್ಲೂಕೋಸು ಸರದಲ್ಲಿ ಸೇರಿದಾಗ ಸಪ್ಪೆಯಾಗಿಬಿಡುತ್ತದೆ. ಅಕ್ಕಿ ಸಪ್ಪೆಯಾಗಿರುವುದೂ ಇದೇ ಕಾರಣಕ್ಕೆ. ಹಸಿ ಗೆಣಸಿನಲ್ಲಿ ಸುಕ್ರೋಸ್, ಅಂದರೆ ಕಬ್ಬಿನ ಸಕ್ಕರೆ, ಜೊತೆಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸ್ವಲ್ಪ ಸ್ವಲ್ಪ ಇರುತ್ತವೆ. ಬೆಂದ ಗೆಣಸಿನಲ್ಲಾದರೋ ಇವಲ್ಲದೆ ನಾಲ್ಕನೆಯದೊಂದು ಸಕ್ಕರೆ ಧಾರಾಳವಾಗಿ ಕಾಣಬರುತ್ತದೆ. ಅದು ಮಾಲ್ಟೋಸ್, ಎರಡು ಗ್ಲೂಕೋಸ್ ಅಣುಗಳ ಜೋಡಿ. ಹಸಿ ಗೆಣಸಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ.

ಪಿಷ್ಟದ ಸರವನ್ನು ತುದಿಯಿಂದ ಎರಡೆರಡು ಮಣಿಗಳಂತೆ ಕತ್ತರಿಸುವ ಕೆಲಸ ಬೀಟಾ ಅಮೈಲೇಸ್ ಎಂಬ ಕಿಣ್ವದ್ದು. ಗೆಣಸಿನಲ್ಲಿ ಈ ಕಿಣ್ವ ಎಷ್ಟು ಸಮೃದ್ಧವಾಗಿದೆಯೆಂದರೆ, 1946ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ಶುದ್ಧ ಹರಳುಗಳಾಗಿ ಪಡೆದದ್ದು ಗೆಣಸಿನಿಂದಲೇ. ಕಿಣ್ವವೊಂದನ್ನು ಮೊಟ್ಟಮೊದಲು ಹರಳಾಗಿಸಿದ್ದು 1926ರಲ್ಲಿ ಎಂಬುದನ್ನು ನೆನೆದರೆ, ನಮ್ಮ ಗೆಣಸು ಆ ವಿದ್ಯೆಯ ಬಾಲ್ಯದಲ್ಲಿಯೇ ಪ್ರಯೋಗಶಾಲೆಯನ್ನು ಹೊಕ್ಕಿತ್ತೆನ್ನಬೇಕು.

ಇಲ್ಲಿ ಒಂದು ಸಂದೇಹ ಏಳಬೇಕು. ಪಿಷ್ಟವೂ ಕಿಣ್ವವೂ ಒಂದೇ ಬೇರಿನಲ್ಲಿದ್ದರೆ, ಗೆಣಸು ಬುಟ್ಟಿಯಲ್ಲಿರುವಾಗಲೇ ಪೂರ್ತಿ ಸಕ್ಕರೆಯಾಗಬೇಡವೆ? ಆಗದಿರುವುದಕ್ಕೆ ಕಾರಣ ಪಿಷ್ಟದ ಕಟ್ಟು. ಅದು ಬಿಗಿಯಾದ ಸಣ್ಣ ಹರಳುಗಳಾಗಿ ಅಡಗಿರುತ್ತದೆ. ಅದರೊಳಕ್ಕೆ ಕಿಣ್ವಕ್ಕೆ ಪ್ರವೇಶವಿಲ್ಲ. ಉಷ್ಣತೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಹರಳುಗಳು ಸುತ್ತಲಿನ ನೀರನ್ನು ಹೀರಿ ಉಬ್ಬಿ, ಕಟ್ಟು ಸಡಿಲವಾಗಿ ಗಂಜಿಯಂತಾಗುತ್ತವೆ. ಗಂಜಿ ಮಂದವಾಗುವುದನ್ನು ಯಾರು ನೋಡಿಲ್ಲ? ಆಗ ಸರದ ತುದಿಗಳು ಬಯಲಿಗೆ ಬಂದು ಕಿಣ್ವದ ಕೈಗೆ ಸಿಕ್ಕುತ್ತವೆ. ಆದರೆ ಕಿಣ್ವವೂ ಒಂದು ಪ್ರೋಟೀನು. ಕಾಯಿಸಿದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗಿ ಕೆಡುವಂತೆ, ಉಷ್ಣತೆ 75–80 ಡಿಗ್ರಿಗಳನ್ನು ಮೀರಿದರೆ ಅದೂ ಕೆಡುತ್ತದೆ. ಒಮ್ಮೆ ಕೆಟ್ಟ ಕಿಣ್ವ ತಣಿದ ಮೇಲೆ ಚೇತರಿಸಿಕೊಳ್ಳುವುದಿಲ್ಲ.

ಕೆಳಗೆ 60 ಡಿಗ್ರಿ, ಮೇಲೆ 80 ಡಿಗ್ರಿ. ಈ ಎರಡರ ನಡುವೆ ತಿರುಳು ಎಷ್ಟು ಹೊತ್ತು ಇರುತ್ತದೆಯೋ ಅಷ್ಟು ಹೊತ್ತು ಮಾತ್ರ ಸಕ್ಕರೆಯ ತಯಾರಿಕೆ ಭರದಿಂದ ನಡೆಯುತ್ತದೆ. ಈ ಎಲ್ಲೆಗಳು ಗೋಡೆಗಳಲ್ಲ, ತಳಿಯಿಂದ ತಳಿಗೆ ಕೆಲವು ಡಿಗ್ರಿ ಅತ್ತಿತ್ತ ಸರಿಯುತ್ತವೆ. ಬೀಟಾ ಅಮೈಲೇಸ್ ಇಲ್ಲವೆನ್ನುವಷ್ಟು ಕಡಮೆ ಇರುವ ಗೆಣಸಿನ ತಳಿಗಳೂ ಉಂಟು. ಅವನ್ನು ಹೇಗೆ ಬೇಯಿಸಿದರೂ, ಎಷ್ಟು ನೀರು ಆರಿದರೂ ಹೆಚ್ಚು ಸಿಹಿಯಾಗುವುದಿಲ್ಲ. ನಾವು ತರಗತಿಯಲ್ಲಿ ಕೊಟ್ಟ ಆತುರದ ಉತ್ತರವನ್ನು ತಳ್ಳಿಹಾಕಲು ಇದೊಂದೇ ಸಾಕು.

ಇನ್ನು ನಮ್ಮ ಪಾಠಕ್ಕೆ ಬರಬಹುದು. ತಿರುಳು ಆ ಎರಡು ಎಲ್ಲೆಗಳ ನಡುವೆ ಎಷ್ಟು ಹೊತ್ತು ಇರುತ್ತದೆಂಬುದು ರಸಾಯನಶಾಸ್ತ್ರದ ಪ್ರಶ್ನೆಯಲ್ಲ, ಉಷ್ಣವಹನದ ಪ್ರಶ್ನೆ. ಗೆಣಸು ಶಾಖವನ್ನು ಒಯ್ಯುವುದರಲ್ಲಿ ಬಹಳ ಸೋಮಾರಿ. ಅದರ ಮುಕ್ಕಾಲುಪಾಲು ನೀರೇ ಆದುದರಿಂದ ಅದರ ಉಷ್ಣವಾಹಕತೆಯೂ ಸುಮಾರಾಗಿ ನಿಶ್ಚಲವಾದ ನೀರಿನಷ್ಟೇ. ತಾಮ್ರ ಅದಕ್ಕಿಂತ ಏಳೆಂಟು ನೂರು ಪಟ್ಟು ಉತ್ತಮ ವಾಹಕ. ಹೊರಗಿನ ಶಾಖ ನಡುವಿಗೆ ಮುಟ್ಟಲು ಬೇಕಾದ ಕಾಲ, ಮೇಲ್ಮೈಯ ಉಷ್ಣತೆ ಸ್ಥಿರವಾಗಿದ್ದರೆ, ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ಕುದಿಯುವ ನೀರಿನಲ್ಲಿ ಎರಡು ಪಟ್ಟು ದಪ್ಪದ ಗೆಣಸು ಬೇಯಲು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಕಾಲ ಬೇಕು. ಹಬ್ಬದ ದಿನ ಸಣ್ಣದು ದೊಡ್ಡದು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಒಂದು ಕರಗಿ ಇನ್ನೊಂದು ಕಲ್ಲಾಗಿ ಉಳಿದದ್ದನ್ನು ಕಂಡವರಿಗೆ ಈ ನಿಯಮವನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕಾಗಿಲ್ಲ.

ಐದು ಸೆಂಟಿಮೀಟರ್ ದಪ್ಪದ ಗೆಣಸನ್ನು ಒಂದು ಉದ್ದನೆಯ ಉರುಳೆಯೆಂದು ಭಾವಿಸಿ ಲೆಕ್ಕ ಮಾಡೋಣ. ಆರಂಭದ ಉಷ್ಣತೆ 25 ಡಿಗ್ರಿ. ಕುದಿಯುವ ನೀರಿಗೆ ಹಾಕಿದರೆ ಚರ್ಮ ಒಡನೆಯೇ ಸುಮಾರು 100 ಡಿಗ್ರಿಗೆ ಏರುತ್ತದೆ. ನಟ್ಟನಡುವಿನ ತಿರುಳು 60 ಡಿಗ್ರಿಯನ್ನು ಮುಟ್ಟಲು ಹದಿನಾಲ್ಕು ನಿಮಿಷ ಬೇಕು, 80ನ್ನು ಮುಟ್ಟಲು ಇಪ್ಪತ್ತೆರಡು ನಿಮಿಷ. ನಡುವಿಗೆ ದೊರೆತ ಅವಕಾಶ ಸುಮಾರು ಎಂಟು ನಿಮಿಷ. ಆದರೆ ನಡುವನ್ನು ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಉರುಳೆಯ ಅಡ್ಡಕೊಯ್ತವನ್ನು ಬರೆದು ನೋಡಿ: ತ್ರಿಜ್ಯದ ಹೊರಗಿನ ಅರ್ಧಭಾಗದಲ್ಲಿಯೇ ಒಟ್ಟು ತಿರುಳಿನ ಮುಕ್ಕಾಲು ಪಾಲು ಇದೆ! ಚರ್ಮಕ್ಕೆ ಹತ್ತಿರವಾದ ಆ ಪದರಗಳು 60ರಿಂದ 80ಕ್ಕೆ ನೆಗೆಯಲು ತೆಗೆದುಕೊಳ್ಳುವುದು ಎರಡು ಮೂರು ನಿಮಿಷ. ಇನ್ನೂ ಹೊರಗಿನವು ಅಷ್ಟೂ ಇಲ್ಲ. ಕಿಣ್ವ ಕೆಲಸಕ್ಕೆ ಕೈಹಚ್ಚುವಷ್ಟರಲ್ಲಿ ಸತ್ತಿರುತ್ತದೆ.

ಮೈಕ್ರೋವೇವ್ ಓವನಿನಲ್ಲಿ ಇನ್ನೂ ಕಷ್ಟ. ಅಲ್ಲಿ ಅಲೆಗಳು ತಿರುಳಿನೊಳಕ್ಕೇ ಇಳಿದು ನೀರನ್ನು ಕಾಯಿಸುವುದರಿಂದ ಉಷ್ಣವಹನಕ್ಕಾಗಿ ಕಾಯಬೇಕಾದದ್ದು ಕಡಮೆ. ಒಂದು ಗ್ರಾಂ ಗೆಣಸನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 3.5 ಜೂಲ್ ಬೇಕು. 250 ಗ್ರಾಮನ್ನು 60ರಿಂದ 80 ಡಿಗ್ರಿಗೆ ಏರಿಸಲು 17,500 ಜೂಲ್. ಗೆಣಸು ಸೆಕೆಂಡಿಗೆ 600 ಜೂಲ್ ಹೀರಿಕೊಂಡರೆ ಇಡೀ ಘಟನೆ ಅರ್ಧ ನಿಮಿಷದಲ್ಲಿ ಮುಗಿಯಿತು! ಅವಸರದಲ್ಲಿ ಹೀಗೆ ಬೇಯಿಸಿದ ಗೆಣಸಿನಲ್ಲಿ ಮಾಲ್ಟೋಸ್ ಕಡಮೆಯಿರುವುದು ಆಶ್ಚರ್ಯವಲ್ಲ. ಹೊಟ್ಟೆ ತುಂಬುತ್ತದೆ, ಅಷ್ಟೆ.

ಸಾಧಾರಣ ವಿದ್ಯುತ್ ಓವನಿನ ರೀತಿಯೇ ಬೇರೆ. ಅದರೊಳಗಿನ ಗಾಳಿ 200 ಡಿಗ್ರಿಯಲ್ಲಿದ್ದರೂ ಬಾಗಿಲು ತೆರೆದು ತಟ್ಟೆಯ ಸ್ಥಳವನ್ನು ಸರಿಪಡಿಸಲು ಕ್ಷಣಕಾಲ ಕೈಯನ್ನು ಒಳಗೆ ಚಾಚಬಹುದು. ನೂರು ಡಿಗ್ರಿಯ ನೀರಿನಲ್ಲಿ ಕೈ ಅದ್ದಲು ಯಾರೂ ಒಪ್ಪಲಾರರು. ಉಷ್ಣತೆ ಬೇರೆ, ಶಾಖದ ಸಾಗಣೆ ಬೇರೆ. ಗಾಳಿ ಬಹಳ ಕೆಟ್ಟ ವಾಹಕ. ಓವನಿನಲ್ಲಿ ಗೆಣಸಿಗೆ ಶಾಖ ತಲಪುವುದು ಭಾಗಶಃ ಗಾಳಿಯ ಚಲನೆಯಿಂದ, ಭಾಗಶಃ ಕಾದ ಗೋಡೆಗಳ ಮತ್ತು ತಂತಿಗಳ ವಿಕಿರಣದಿಂದ. ಎರಡೂ ಸೇರಿದರೂ ಕುದಿಯುವ ನೀರಿನ ಧಾರಾಳತನ ಅದಕ್ಕಿಲ್ಲ. ಹೀಗಾಗಿ ಚರ್ಮದ ಉಷ್ಣತೆಯೂ ನಿಧಾನವಾಗಿ ಏರುತ್ತದೆ, ಹೊರಪದರ ಒಳಪದರಗಳ ನಡುವಿನ ಅಂತರ ಚಿಕ್ಕದಾಗಿರುತ್ತದೆ. ಅದೇ ಐದು ಸೆಂಟಿಮೀಟರ್ ಗೆಣಸನ್ನು 120 ಡಿಗ್ರಿಯ ಓವನಿನಲ್ಲಿಟ್ಟರೆ, ನಮ್ಮ ಸ್ಥೂಲ ಲೆಕ್ಕದಂತೆ, ನಡುವಿನ ತಿರುಳಷ್ಟೇ ಅಲ್ಲ, ಚರ್ಮದ ಹತ್ತಿರದ ತಿರುಳು ಕೂಡ 60ರಿಂದ 80ಕ್ಕೆ ಹೋಗಲು ಸುಮಾರು ಹದಿನೆಂಟು ನಿಮಿಷ ತೆಗೆದುಕೊಳ್ಳುತ್ತದೆ. ನೀರು ಆವಿಯಾಗುವುದನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇವೆ. ಸೇರಿಸಿಕೊಂಡರೆ ಕಾಲ ಇನ್ನೂ ಹೆಚ್ಚುತ್ತದೆ.

ಎಷ್ಟು ಹೆಚ್ಚುತ್ತದೆಂಬುದನ್ನು ಊಹಿಸಲು ಇನ್ನೊಂದು ಗುಣಾಕಾರ ಸಾಕು. 250 ಗ್ರಾಂ ಗೆಣಸನ್ನು 25ರಿಂದ 100 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 66 ಕಿಲೋಜೂಲ್. ಅದರಿಂದ 50 ಗ್ರಾಂ ನೀರನ್ನು ಆವಿಮಾಡಲು 113 ಕಿಲೋಜೂಲ್. ಬೇಯಿಸುವುದಕ್ಕಿಂತ ಒಣಗಿಸುವುದಕ್ಕೇ ಹೆಚ್ಚು ಖರ್ಚು! ಬೆವರು ಆರುವಾಗ ಮೈ ತಂಪಾಗುವಂತೆ ಗೆಣಸೂ ತನ್ನನ್ನು ತಾನು ತಂಪಾಗಿಟ್ಟುಕೊಳ್ಳುತ್ತಿರುತ್ತದೆ. ಒಳಗೆ ನೀರಿರುವವರೆಗೂ ತಿರುಳಿನ ಉಷ್ಣತೆ ನೂರರ ಸುತ್ತಿನಲ್ಲಿಯೇ ನಿಲ್ಲುತ್ತದೆ, ಓವನಿನ ಸೂಚಕ ಏನನ್ನಾದರೂ ತೋರಿಸಲಿ.

ಆದರೆ ಓವನಿನ ಹೆಸರು ಹೇಳಿದ ಮಾತ್ರಕ್ಕೆ ಗೆಣಸು ಸಿಹಿಯಾಗುವುದಿಲ್ಲ. ಮೊದಲೇ 180 ಡಿಗ್ರಿಗೆ ಕಾಯಿಸಿದ ಓವನಿಗೆ ಅದನ್ನು ನೂಕಿದರೆ ಅದೇ ಲೆಕ್ಕ ಹದಿನೆಂಟರ ಬದಲು ಎಂಟು ನಿಮಿಷವನ್ನು ಕೊಡುತ್ತದೆ. ಹೊರಪದರಗಳಿಗೆ ಇದು ಕುದಿಯುವ ನೀರಿಗಿಂತ ಮೇಲು, ನಡುವಿಗೆ ಹೆಚ್ಚಿನ ಲಾಭವಿಲ್ಲ. ಆದುದರಿಂದ ನಾವು ಮಾಡುವ ಕ್ರಮ ಇದು. ಒಂದೇ ದಪ್ಪದ ಗೆಣಸುಗಳನ್ನು ಆರಿಸಿ, ಮಣ್ಣು ಹೋಗುವಂತೆ ತೊಳೆದು ಒರೆಸಿ, ಸಿಪ್ಪೆ ತೆಗೆಯದೆ, ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ಇನ್ನೂ ತಣ್ಣಗಿರುವ ಓವನಿನಲ್ಲಿಡುತ್ತೇವೆ. ಸೂಚಕವನ್ನು 120ಕ್ಕೆ ತಿರುಗಿಸಿ ಒಂದು ಗಂಟೆ ಅದರ ಕಡೆ ನೋಡುವುದಿಲ್ಲ. ಆಮೇಲೆ 200ಕ್ಕೆ ಏರಿಸಿ ಅರ್ಧ ಗಂಟೆ ಅಥವಾ ಸ್ವಲ್ಪ ಹೆಚ್ಚು ಹೊತ್ತು ಬಿಡುತ್ತೇವೆ. ಕಡ್ಡಿಯೊಂದು ತಡೆಯಿಲ್ಲದೆ ನಡುವಿಗೆ ಇಳಿದರೆ ಕೆಲಸ ಮುಗಿಯಿತು. ಚುಚ್ಚುವುದನ್ನು ಒಮ್ಮೆ ಮರೆತು, ಆವಿಗೆ ದಾರಿಯಿಲ್ಲದೆ ಗೆಣಸು ಸಿಡಿದು, ಮರುದಿನ ಬೆಳಗ್ಗೆಯೆಲ್ಲ ಓವನಿನ ಗೋಡೆಗಳನ್ನು ಕೆರೆಯುತ್ತ ಕುಳಿತಿದ್ದುದೂ ಉಂಟು.

ಎರಡನೆಯ ಹಂತ ಏಕೆ? ಮೊದಲ ಹಂತದಲ್ಲಿ ಸಕ್ಕರೆ ಆಯಿತು, ಮೆದು ಆಗಲಿಲ್ಲ. ಗೆಣಸಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತು ಚೆನ್ನಾಗಿ ಕರಗಬೇಕಾದರೆ 85–90 ಡಿಗ್ರಿ ದಾಟಬೇಕು. ಮೇಲಾಗಿ ಪರಿಮಳದ ಮಾತೂ ಇದೆ. ನೀರು ಆರಿದ ಚರ್ಮದ ಉಷ್ಣತೆ ನೂರನ್ನು ಮೀರಿ ಏರಬಲ್ಲುದು. ಆಗ ಸಕ್ಕರೆಗಳೂ ಪ್ರೋಟೀನಿನ ಭಾಗಗಳಾದ ಅಮೈನೋ ಆಮ್ಲಗಳೂ ಕೂಡಿ ಕಂದು ಬಣ್ಣವನ್ನೂ ನೂರಾರು ಸುವಾಸನೆಯ ವಸ್ತುಗಳನ್ನೂ ಉಂಟುಮಾಡುತ್ತವೆ. ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದರು. ಹುರಿದ ಕಡಲೆಕಾಯಿ, ಕಾಫಿ ಬೀಜ, ರೊಟ್ಟಿಯ ಮೇಲಿನ ಕಪ್ಪು ಚುಕ್ಕೆಗಳು, ಎಲ್ಲದರ ಕಂಪಿಗೂ ಅದೇ ಮುಖ್ಯ ಕಾರಣ. ಮಾಲ್ಟೋಸ್ ಇದರಲ್ಲಿ ಒಳ್ಳೆಯ ಪಾಲುದಾರ. ಅದು ಕಬ್ಬಿನ ಸಕ್ಕರೆಯ ಅರ್ಧದಷ್ಟೂ ಸಿಹಿಯಲ್ಲ. ಆದರೂ ಸುಟ್ಟ ಗೆಣಸು ಬೆಲ್ಲದಂತೆ ತೋರುವುದಕ್ಕೆ ಮಾಲ್ಟೋಸಿನ ಪ್ರಮಾಣ, ನೀರು ಆರಿದ್ದು, ಈ ಕಂಪು, ಮೂರೂ ಸೇರಬೇಕು. ನಮ್ಮ ಮೊದಲ ಉತ್ತರ ಪೂರ್ತಿ ಸುಳ್ಳಲ್ಲ, ಮೂರರಲ್ಲಿ ಒಂದನ್ನೇ ಹಿಡಿದಿತ್ತು. ಅಲ್ಯೂಮಿನಿಯಮ್ ಹಾಳೆಯಲ್ಲಿ ಸುತ್ತಿ ಇಡುವವರು ಎರಡನ್ನು ಕಳೆದುಕೊಳ್ಳುತ್ತಾರೆ. ಹೊಳೆಯುವ ಹಾಳೆ ವಿಕಿರಣವನ್ನು ಹಿಂದಕ್ಕೆ ಕಳಿಸುತ್ತದೆ, ಆವಿಯನ್ನು ಒಳಗೇ ಕೂಡಿಹಾಕುತ್ತದೆ. ಅದು ಸುಟ್ಟ ಗೆಣಸಲ್ಲ, ಹಬೆಯಲ್ಲಿ ಬೆಂದ ಗೆಣಸು.

ಅಜ್ಜಿಯ ಬಚ್ಚಲೊಲೆ ಈಗ ಸುಲಭವಾಗಿ ಅರ್ಥವಾಗುತ್ತದೆ. ಅವರು ಗೆಣಸನ್ನು ಉರಿಯುವ ಕೆಂಡದ ಮೇಲೆ ಇಡಲಿಲ್ಲವೆಂಬುದನ್ನು ಗಮನಿಸಬೇಕು. ಹಂಡೆಯ ನೀರು ಕಾದು ಉರಿ ಇಳಿದ ಮೇಲೆ, ಬಿಸಿಬೂದಿಯಲ್ಲಿ ಹುಗಿದರು. ಬೂದಿಯ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಕಂಬಳಿಯಂತೆ ಶಾಖವನ್ನು ತಡೆತಡೆದು ಬಿಡುತ್ತದೆ. ಗೆಣಸು ಗಂಟೆಗಟ್ಟಲೆ ಅಲ್ಲಿ ನಿಧಾನವಾಗಿ ಕಾಯುತ್ತದೆ. ಜಪಾನಿನ ಬೀದಿಗಳಲ್ಲಿ ಚಳಿಗಾಲದಲ್ಲಿ ಗಾಡಿಯ ಮೇಲೆ ಗೆಣಸು ಮಾರುವವರು ಬೂದಿಯ ಬದಲು ಕಾದ ಹರಳುಕಲ್ಲುಗಳ ನಡುವೆ ಅದನ್ನು ಹುಗಿದು ಇದೇ ಫಲವನ್ನು ಪಡೆಯುತ್ತಾರೆ. ಓವನಿಗಿಂತ ಬಚ್ಚಲೊಲೆಯ ಪದ್ಧತಿ ಮಿತವ್ಯಯದ್ದೂ ಹೌದು. ಓವನ್ ಒಂದೂವರೆ ಗಂಟೆಯಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು, ಅಂದರೆ 3,600 ಕಿಲೋಜೂಲ್, ಖರ್ಚುಮಾಡಿದರೆ ಮೇಲಿನ ಒಂದು ಗೆಣಸಿಗೆ ಸೇರಿದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲು. ಉಳಿದದ್ದು ಓವನಿನ ಗೋಡೆಗಳಿಗೆ ಮತ್ತು ಅಡಿಗೆಮನೆಯ ಗಾಳಿಗೆ. ಒಂದೇ ಗೆಣಸಿಗಾಗಿ ಓವನ್ ಹಚ್ಚುವುದು ನಮಗೆ ಒಪ್ಪಿಗೆಯಾಗದು. ತಟ್ಟೆ ತುಂಬುವಷ್ಟು ಇಡಬೇಕು.

ಇದನ್ನು ನಂಬಬೇಕೆಂದಿಲ್ಲ, ಪರೀಕ್ಷಿಸಿ ನೋಡಬಹುದು. ಒಂದೇ ಗೆಣಸನ್ನು ಅಡ್ಡವಾಗಿ ಎರಡು ತುಂಡುಮಾಡಿ, ಒಂದನ್ನು ಕುದಿಯುವ ನೀರಿಗೆ ಹಾಕಿ. ಇನ್ನೊಂದನ್ನು 70 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇರಿಸಿ, ಆಮೇಲೆ ಅದೇ ನೀರನ್ನು ಕುದಿಸಿ ಬೇಯಿಸಿ. ಉಷ್ಣಮಾಪಕವನ್ನು ನೋಡುತ್ತ ಉರಿಯನ್ನು ಹೆಚ್ಚುಕಡಮೆ ಮಾಡುವ ತಾಳ್ಮೆ ಮಾತ್ರ ಬೇಕು. ತುಂಡುಗಳನ್ನು ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ತಿನ್ನಲು ಕೊಡಿ. ಇಲ್ಲಿ ಎರಡೂ ನೀರಿನಲ್ಲಿಯೇ ಬೆಂದಿವೆ, ಒಣಗುವ ಮಾತೇ ಇಲ್ಲ. ಆದುದರಿಂದ ಸಿಹಿಯಲ್ಲಿ ಕಾಣುವ ಅಂತರ ಮುಖ್ಯವಾಗಿ ಕಿಣ್ವದಿಂದ ಬಂದದ್ದು. ಪ್ರಯೋಗಶಾಲೆಯ ಸೌಕರ್ಯವಿದ್ದವರು ಎರಡರ ತಿರುಳನ್ನೂ ಸಮತೂಕದಲ್ಲಿ ಅರೆದು ಸಮಪ್ರಮಾಣದ ನೀರಿನಲ್ಲಿ ಕಲಸಿ ಸೋಸಿ, ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿ ನೋಡಲಿ. ಮಾಲ್ಟೋಸಿನಿಂದ ಇಟ್ಟಿಗೆ ಬಣ್ಣದ ಒತ್ತರ ಬರುತ್ತದೆ, ಕಬ್ಬಿನ ಸಕ್ಕರೆಯಿಂದ ಬರುವುದಿಲ್ಲ. ಗ್ಲೂಕೋಸ್ ಫ್ರಕ್ಟೋಸ್‌ಗಳಿಂದಲೂ ಬರುವುದರಿಂದ ಬಣ್ಣ ಬಂತೇ ಎಂದಲ್ಲ, ಯಾವುದರಲ್ಲಿ ಹೆಚ್ಚು ಬಂತು ಎಂದು ಹೋಲಿಸಬೇಕು. ಪ್ರಯೋಗಕ್ಕೆ ತಂದ ಗೆಣಸನ್ನು ರೆಫ್ರಿಜರೇಟರಿನಲ್ಲಿ ಇಡಬಾರದು. ಉಷ್ಣವಲಯದ ಈ ಬೇರು ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೆಡುತ್ತದೆ, ಬೇಯಿಸಿದರೂ ನಡುವೆ ಗಟ್ಟಿಯಾಗಿ ಉಳಿಯುತ್ತದೆ.

ಇಷ್ಟನ್ನೂ ತರಗತಿಯಲ್ಲಿ ಹೇಳಿ, ಹಿಂದಿನ ವಾರದ ಉತ್ತರವನ್ನು ಕರಿಹಲಗೆಯ ಮೇಲೆಯೇ ಬರೆದು ಹೊಡೆದುಹಾಕಿದೆವು. ಹಿಂದಿನ ಸಾಲಿನ ಹುಡುಗ ಮತ್ತೆ ಎದ್ದನು. "ಹಾಗಾದರೆ ಆಲೂಗಡ್ಡೆಯಲ್ಲೂ ಪಿಷ್ಟವಿದೆಯಲ್ಲ ಸಾರ್? ಅದನ್ನು ಬೂದಿಯಲ್ಲಿ ಹುಗಿದರೆ ಏಕೆ ಸಿಹಿಯಾಗುವುದಿಲ್ಲ?" ಈ ಸಲ ನಾವು ಅವಸರಪಡಲಿಲ್ಲ; ಅವನನ್ನೇ ಹೇಳೆಂದೆವು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಸರ ಇದೆ, ಕತ್ತರಿ ಇಲ್ಲ" ಎಂದನು. ಪೂರ್ತಿ ಇಲ್ಲವೆನ್ನಲಾಗದು, ಗೆಣಸಿನಲ್ಲಿರುವುದರ ಮುಂದೆ ಏನೂ ಅಲ್ಲ ಎಂದು ತಿದ್ದಿ, ಸರಳಿನ ಚಿತ್ರವನ್ನು ಮತ್ತೆ ಬರೆದೆವು.